ಎರಡನೆಯ ಸಂಪುಟ

ನಮ್ಮ ಊರು ತೆಲಿಗಿ. ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಅದೂ ಒಂದು. ನಾನು ಬಾಲಕನಾಗಿದ್ದಾಗ ಊರಿನ ಸುತ್ತ ಜೋಳದ ಹೊಲಗಳು, ಶೇಂಗಾದ ಹೊಲಗಳು ಕಣ್ಣು ಹಾಯುವವರೆಗೆ ಹರಡಿದ್ದವು. ಇಂದು ಅವುಗಳ ಬಹುಭಾಗವನ್ನು ಮೆಕ್ಕೆಜೋಳ ಆಕ್ರಮಿಸಿದೆ. ಊರಿನಲ್ಲಿ ಕಿರಾಣಿ ಅಂಗಡಿಗಳಿದ್ದವು, ಬಟ್ಟೆಯ ಅಂಗಡಿಯಿತ್ತು, ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆಸರಗಳನ್ನು ಮಾರುವವರೂ ಇದ್ದರು. ಪುಸ್ತಕದ ಅಂಗಡಿ ಮಾತ್ರ ಇರಲಿಲ್ಲ. ಅದು ಇಲ್ಲವೆಂಬ ಕೊರತೆಯೂ ಯಾರಿಗೂ ತೋರಿರಲಿಲ್ಲ. ಪಾಟಿ, ಬಳಪ, ಅಂಕಲಿಪಿಗಳು ಕಿರಾಣಿ ಅಂಗಡಿಯಲ್ಲಿಯೇ ಬೆಲ್ಲದ ಅಚ್ಚುಗಳ ಪಕ್ಕದಲ್ಲಿ ದೊರೆಯುತ್ತಿದ್ದವು. ಅದರಿಂದಾಗಿ ನಮ್ಮ ಅಂಕಲಿಪಿಗಳಿಗೆ ಅಕ್ಷರದ ರುಚಿಗಿಂತ ಮೊದಲು ಬೆಲ್ಲದ ರುಚಿ ಹತ್ತಿರುತ್ತಿತ್ತು. ನಮಗಿಂತ ಮೊದಲು ಇರುವೆಗಳು ಅವನ್ನು ಓದಿ ಮುಗಿಸಿರುತ್ತಿದ್ದವು.

ಪಠ್ಯಪುಸ್ತಕವಲ್ಲದ ಪುಸ್ತಕಗಳನ್ನು ನಾವು ನೋಡುತ್ತಿದ್ದುದು ಜಾತ್ರೆಗಳಲ್ಲಿ. ಕೊಟ್ಟೂರಿನ ಗುರು ಬಸವೇಶ್ವರನ ತೇರಿಗೆ, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕೆ ನಮ್ಮ ಕಡೆಯ ಜನರು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಬೆಂಡು ಬತ್ತಾಸಿನ ಅಂಗಡಿಗಳ ಸಾಲು ಮುಗಿಯುವಲ್ಲಿ, ನೆಲದ ಮೇಲೆ ಚಾದರ ಹಾಸಿ, ಒಬ್ಬರೋ ಇಬ್ಬರೋ ಪುಸ್ತಕ ಮಾರುವವರು ಕುಳಿತಿರುತ್ತಿದ್ದರು. ಪಂಚಾಂಗ, ಸರ್ವಜ್ಞನ ವಚನಗಳು, ತತ್ತ್ವಪದಗಳು, ಶರಣರ ಚರಿತ್ರೆಗಳು, ಬಯಲಾಟದ ಪುಸ್ತಕಗಳು ಅವರ ಸರಕು. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲು. ನನ್ನ ಅಜ್ಜ ಓದು ಬಲ್ಲವರಲ್ಲ. ಆದರೂ ಜಾತ್ರೆಗೆ ಹೋದಾಗ ತಪ್ಪದೆ ಒಂದು ಪುಸ್ತಕವನ್ನು ಕೊಂಡು ತರುತ್ತಿದ್ದರು. ಕೇಳಿದರೆ, "ಓದೋರು ಮನೆಯಾಗ ಹುಟ್ಟಿದಾಗ ಬೇಕಾಗತೈತಿ" ಎನ್ನುತ್ತಿದ್ದರು. ಬಿತ್ತುವ ಬೀಜವನ್ನು ಹಗೇವಿನಲ್ಲಿ ಕಾಪಾಡಿದಂತೆ ಅವರು ಆ ಪುಸ್ತಕಗಳನ್ನು ಕಾಪಾಡಿದರು.

ಪುಸ್ತಕಗಳನ್ನು ಓದುಗರ ಬಳಿಗೆ ಹೊತ್ತು ತರುವ ಈ ಪದ್ಧತಿಗೆ ನಮ್ಮ ಪ್ರದೇಶದಲ್ಲಿ ದೊಡ್ಡದೊಂದು ಪರಂಪರೆಯೇ ಉಂಟೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹಡಗಲಿ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ನದಿಯ ಆಚೆಯ ದಡದಲ್ಲಿ, ವರದೆ ಬಂದು ತುಂಗಭದ್ರೆಯನ್ನು ಸೇರುವಲ್ಲಿ, ಗಳಗನಾಥವೆಂಬ ಕ್ಷೇತ್ರವಿದೆ. ಆ ಊರಿನ ಹೆಸರನ್ನೇ ತಮ್ಮ ಕಾವ್ಯನಾಮವಾಗಿಸಿಕೊಂಡವರು ವೆಂಕಟೇಶ ತಿರಕೋ ಕುಲಕರ್ಣಿಯವರು. 1869ರಿಂದ 1942ರವರೆಗೆ ಬಾಳಿದ ಅವರು ಕನ್ನಡದಲ್ಲಿ ಕಾದಂಬರಿಗಳನ್ನು ಬರೆದರು. ಬರೆದುದನ್ನು ಅಚ್ಚು ಮಾಡಿಸಿದರು. ಅಚ್ಚಾದುದನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬರೆಯುವ ಕೈ, ಹೊರುವ ತಲೆ, ನಡೆಯುವ ಕಾಲು ಮೂರೂ ಒಬ್ಬರವೇ. ಕನ್ನಡದಲ್ಲಿ ಓದುವ ಹವ್ಯಾಸವು ಸುಲಭವಾಗಿ ಬೆಳೆದು ಬಂದುದಲ್ಲ. ಅದು ಹೀಗೆ ಹೊತ್ತು ತಂದು ಬೆಳೆಸಿದ್ದು.

ನಾನು ನಿಜವಾದ ಪುಸ್ತಕದ ಅಂಗಡಿಯನ್ನು ಮೊದಲು ಕಂಡದ್ದು 1978ರಲ್ಲಿ, ಕಾಲೇಜು ಓದಲೆಂದು ದಾವಣಗೆರೆಗೆ ಹೋದಾಗ. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಹತ್ತಿಯ ಗಿರಣಿಗಳ ಪಟ್ಟಣವಾಗಿತ್ತು. ಮಂಡಿಪೇಟೆಯ ಗದ್ದಲದಿಂದ ತುಸು ಒಳಗೆ, ಒಂದು ಕಿರಿದಾದ ಓಣಿಯಲ್ಲಿ ಆ ಅಂಗಡಿಯಿತ್ತು. ಅದರ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಆ ಮನೆಯವರು ಸಂಕೋಚಪಟ್ಟುಕೊಂಡಾರು. ಮುಂಭಾಗದ ಕಪಾಟುಗಳಲ್ಲಿ ಹೊಸ ಪುಸ್ತಕಗಳು. ಒಳಗೆ ಹೋದಂತೆ ಹಳೆಯ ಪುಸ್ತಕಗಳು. ಅದಕ್ಕೂ ಒಳಗೆ ಅಡಿಗೆಮನೆ. ಅಂಗಡಿಗೂ ಮನೆಗೂ ನಡುವೆ ಇದ್ದುದು ಒಂದು ಪರದೆ ಮಾತ್ರ. ಪುಸ್ತಕ ನೋಡುತ್ತ ನಿಂತವನಿಗೆ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಸಿದ ಹೊಟ್ಟೆಯ ವಿದ್ಯಾರ್ಥಿಗಳಿಗೆ ಸಾಹಿತ್ಯದ ವಿಮರ್ಶೆ ಅಲ್ಲಿ ಬಹಳ ಕಷ್ಟವಾಗುತ್ತಿತ್ತು.

ಅಂಗಡಿಯನ್ನು ನಡೆಸುತ್ತಿದ್ದವರು ಇಡೀ ಮನೆಯವರು. ಬೆಳ್ಳಗಿನ ಧೋತರ ಉಟ್ಟು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಹಿರಿಯರು ಗಲ್ಲೆಯ ಬಳಿ ಕುಳಿತಿರುತ್ತಿದ್ದರು. ಅವರ ಮಗ ಬೆಂಗಳೂರು, ಮೈಸೂರು, ಧಾರವಾಡಗಳ ಪ್ರಕಾಶಕರಿಗೆ ಕಾಗದ ಬರೆದು ಹೊಸ ಪುಸ್ತಕಗಳನ್ನು ತರಿಸುತ್ತಿದ್ದರು. ಹರಿದು ಬಂದ ಹಳೆಯ ಪುಸ್ತಕಗಳಿಗೆ ಮತ್ತೆ ಜೀವ ತುಂಬುತ್ತಿದ್ದವರು ಮನೆಯ ಯಜಮಾನತಿ. ಮೈದಾಹಿಟ್ಟನ್ನು ಕುದಿಸಿ ಅಂಟು ಮಾಡುವರು. ಹುಳು ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತವನ್ನು ಸೇರಿಸುವರು. ಬಿಟ್ಟುಹೋದ ಹೊಲಿಗೆಯನ್ನು ದಬ್ಬಣದಿಂದ ಹೊಲಿದು, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿ, ಮೇಲೆ ಭಾರವಾದ ಕಲ್ಲನ್ನು ಹೇರಿ ಒಂದು ರಾತ್ರಿ ಬಿಡುವರು. ಬೆಳಿಗ್ಗೆ ಆ ಪುಸ್ತಕ ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಯಂತೆ ಬಿಳಿಚಿಕೊಂಡಿದ್ದರೂ ನೆಟ್ಟಗೆ ನಿಲ್ಲುತ್ತಿತ್ತು. ಕಪಾಟುಗಳ ಸಂದಿಯಲ್ಲಿ ಅವರು ಒಣಗಿದ ಬೇವಿನ ಎಲೆಗಳನ್ನು ಇಡುತ್ತಿದ್ದರು. ಆ ಅಂಗಡಿಯಲ್ಲಿ ಕೊಂಡ ಪುಸ್ತಕವನ್ನು ಬಿಡಿಸಿದರೆ ಇಂದಿಗೂ ಒಂದೆರಡು ಎಲೆಗಳು ಉದುರುತ್ತವೆ.

ಹೊಸದನ್ನೂ ಹಳೆಯದನ್ನೂ ಒಂದೇ ಸೂರಿನಡಿಯಲ್ಲಿ ಏಕೆ ಮಾರುವಿರೆಂದು ಒಮ್ಮೆ ಹಿರಿಯರನ್ನು ಕೇಳಿದ್ದೆ. ಅವರು ವ್ಯಾಪಾರದ ಮರ್ಮವನ್ನು ಬಿಡಿಸಿ ಹೇಳಿದರು. ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕರು ಅಚ್ಚು ಮಾಡಿರುತ್ತಾರೆ. ಅಂಗಡಿಯವನಿಗೆ ದೊರೆಯುವುದು ಅದರಲ್ಲಿ ಒಂದು ಪಾಲು ಕಮಿಷನ್ ಮಾತ್ರ. ಕವಿತೆಯ ಪುಸ್ತಕವೊಂದು ಕಪಾಟಿನಲ್ಲಿ ನಾಲ್ಕು ವರ್ಷ ನಿಂತರೆ ಅಷ್ಟು ಕಾಲವೂ ಹಾಕಿದ ಬಂಡವಾಳ ಅದರೊಡನೆ ನಿಂತೇ ಇರುತ್ತದೆ. ಹಳೆಯ ಪುಸ್ತಕದ ಬೆಲೆಯನ್ನಾದರೋ ಅಂಗಡಿಯವನೇ ಕಟ್ಟಬೇಕು. ಜೂನ್ ತಿಂಗಳಲ್ಲಿ ಶಾಲೆ ಕಾಲೇಜುಗಳು ತೆರೆದಾಗ ಹಳೆಯ ಪಠ್ಯಪುಸ್ತಕಗಳಿಗೆ ನೂಕುನುಗ್ಗಲು. ಕಾಲು ಬೆಲೆಗೆ ಕೊಂಡದ್ದನ್ನು ಅರ್ಧ ಬೆಲೆಗೆ ಕೊಟ್ಟರೆ ಕೊಳ್ಳುವ ಬಡವನಿಗೂ ಲಾಭ, ಅಂಗಡಿಗೂ ಲಾಭ. "ಜೂನ್ ತಿಂಗಳು ವರ್ಷದ ಬಾಡಿಗೆ ಕಟ್ಟತೈತೆ, ಉಳಿದ ಹನ್ನೊಂದು ತಿಂಗಳು ನಾನು ಕವಿಗಳನ್ನ ಸಾಕತೀನಿ" ಎಂದು ಅವರು ನಕ್ಕರು.

ಹಳೆಯ ಪುಸ್ತಕದ ವ್ಯಾಪಾರಿಗೆ ಎದುರಾಳಿಯೆಂದರೆ ರದ್ದಿಯವನು. ರದ್ದಿಯವನು ತಕ್ಕಡಿ ಹಿಡಿಯುತ್ತಾನೆ. ಅವನಿಗೆ ಪುಸ್ತಕವೂ ಪತ್ರಿಕೆಯೂ ಒಂದೇ ತೂಕ. ಪುಸ್ತಕದ ವ್ಯಾಪಾರಿ ತಕ್ಕಡಿಯನ್ನು ಮುಟ್ಟುವುದಿಲ್ಲ. ಒಂದೊಂದನ್ನೂ ಕೈಗೆತ್ತಿಕೊಂಡು, ಹೆಸರು ಓದಿ, ಪುಟಗಳು ಪೂರ್ತಿಯಿವೆಯೇ ಎಂದು ನೋಡಿ, ಬೆಲೆ ಹೇಳುತ್ತಾನೆ. ಈ ವ್ಯತ್ಯಾಸ ನನಗೆ ಅರ್ಥವಾದದ್ದು ನನ್ನದೇ ಒಂದು ಅಪರಾಧದಿಂದ. ಅದನ್ನು ಈಗ ಹೇಳಬೇಕು.

ನಮ್ಮೂರಿನ ಶಾಲೆಯಲ್ಲಿ ನನಗೆ ಕಲಿಸಿದ ಮೇಷ್ಟ್ರೊಬ್ಬರ ಬಳಿ ಶಿವರಾಮ ಕಾರಂತರ 'ಬಾಲಪ್ರಪಂಚ'ದ ಮೂರು ಸಂಪುಟಗಳಿದ್ದವು. ಮಕ್ಕಳಿಗಾಗಿ ಜಗತ್ತಿನ ಸಂಗತಿಗಳನ್ನು ಕನ್ನಡದಲ್ಲಿ ತಿಳಿಸಲು ಕಾರಂತರು 1930ರ ದಶಕದಲ್ಲಿ ಸಿದ್ಧಪಡಿಸಿದ ವಿಶ್ವಕೋಶವದು. ಮೇಷ್ಟ್ರು ಅದನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ಯಾರಿಗಾದರೂ ಕೊಡುವಾಗ ಒಂದು ಸಂಪುಟವನ್ನು ಮಾತ್ರ ಕೊಡುವರು. ಅದನ್ನು ಹಿಂದಿರುಗಿಸಿದ ಮೇಲೆಯೇ ಮುಂದಿನದು. ಮೊದಲನೆಯದನ್ನು ನಾನು ಊರಿನಲ್ಲಿಯೇ ಓದಿ ಮುಗಿಸಿದ್ದೆ. ಎರಡನೆಯದನ್ನು ದಾವಣಗೆರೆಗೆ ಒಯ್ದಿದ್ದೆ.

ಮಾರ್ಚ್ ತಿಂಗಳ ಪರೀಕ್ಷೆಗೆ ಶುಲ್ಕ ಕಟ್ಟಬೇಕಾಗಿತ್ತು. ನನ್ನ ಕೈಯಲ್ಲಿ ಎಂಟು ರೂಪಾಯಿ ಕಡಿಮೆ ಬಿತ್ತು. ಆ ವರ್ಷ ಮಳೆ ಕೈಕೊಟ್ಟಿತ್ತು, ಅಪ್ಪ ಹಣ ಕಳುಹಿಸಲಾಗಲಿಲ್ಲ ಎಂದು ಬರೆದರೆ ಓದುವವರು ಕನಿಕರಪಟ್ಟಾರು. ಆದರೆ ನಿಜ ಅದಲ್ಲ. ಅಪ್ಪ ಪೂರ್ತಿ ಹಣವನ್ನೇ ಕಳುಹಿಸಿದ್ದರು. ಆ ಎಂಟು ರೂಪಾಯಿಯನ್ನು ನಾನು ಗೆಳೆಯರೊಡನೆ ಸಿನಿಮಾ ನೋಡಿ, ಬೆಣ್ಣೆದೋಸೆ ತಿಂದು ಕಳೆದಿದ್ದೆ. ಮತ್ತೆ ಅಪ್ಪನಿಗೆ ಬರೆಯುವ ಧೈರ್ಯವಿರಲಿಲ್ಲ. ಒಂದು ಸಂಜೆ 'ಬಾಲಪ್ರಪಂಚ'ದ ಎರಡನೆಯ ಸಂಪುಟವನ್ನು ಕಂಕುಳಲ್ಲಿ ಇರುಕಿಕೊಂಡು ಆ ಓಣಿಗೆ ಹೋದೆ.

ಹಿರಿಯರು ಕನ್ನಡಕವನ್ನು ಹಣೆಯಿಂದ ಇಳಿಸಿ ಪುಸ್ತಕವನ್ನು ತೆರೆದರು. ಮೊದಲ ಪುಟದಲ್ಲಿ ಕೆಂಪು ಮಸಿಯಲ್ಲಿ ಮೇಷ್ಟ್ರ ಹೆಸರು; ಅದರ ಕೆಳಗೆ 'ತೆಲಿಗಿ, ಹರಪನಹಳ್ಳಿ ತಾಲ್ಲೂಕು, ಬಳ್ಳಾರಿ ಜಿಲ್ಲೆ' ಎಂಬ ವಿಳಾಸ.

"ಇದು ನಿಂದೇನು ತಮ್ಮಾ?"

"ಹೌದ್ರಿ."

"ಹೆಸರು ಬೇರೆಯವರದು ಐತಲ್ಲ?"

"ನಮ್ಮ ಮೇಷ್ಟ್ರದು. ಅವರೇ ಕೊಟ್ಟಿದ್ರಿ."

ಆ ಮಾತು ಸುಳ್ಳಲ್ಲ, ನಿಜವೂ ಅಲ್ಲ. ಓದಲು ಕೊಟ್ಟರೂ 'ಕೊಟ್ಟರು', ಇಟ್ಟುಕೊಳ್ಳಲು ಕೊಟ್ಟರೂ 'ಕೊಟ್ಟರು'. ಒಂದೇ ಕ್ರಿಯಾಪದದ ಎರಡು ಅರ್ಥಗಳ ನಡುವೆ ನಾನು ಅಡಗಿ ಕುಳಿತೆ. ಕನ್ನಡ ವ್ಯಾಕರಣವನ್ನು ಅಷ್ಟು ಚೆನ್ನಾಗಿ ನಾನು ಪರೀಕ್ಷೆಯಲ್ಲಿಯೂ ಬಳಸಿರಲಿಲ್ಲ.

"ಮೂರರಾಗ ಒಂದನ್ನೇ ಯಾಕ ತಂದಿ?" ಎಂದರು. ನಾನು ಉತ್ತರ ಕೊಡಲಿಲ್ಲ. ಅವರು ನನ್ನ ಮುಖವನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದರು. "ಎಷ್ಟು ಬೇಕು?" ಎಂದು ಕೇಳಿದರು. ಹಳೆಯ ಪುಸ್ತಕ ಮಾರಲು ಹೋದವನನ್ನು ಯಾವ ವ್ಯಾಪಾರಿಯೂ ಹಾಗೆ ಕೇಳುವುದಿಲ್ಲ. ತಾನೇ ಒಂದು ಬೆಲೆ ಹೇಳುತ್ತಾನೆ. ನಾನು "ಎಂಟು" ಎಂದೆ. ಚೌಕಾಶಿ ಮಾಡದೆ ಎಂಟು ರೂಪಾಯಿ ಎಣಿಸಿ ಕೊಟ್ಟರು. ಕೊನೆಯ ಪುಟದ ಮೂಲೆಯಲ್ಲಿ ಸೀಸದ ಕಡ್ಡಿಯಿಂದ 8 ಎಂದು ಬರೆದು ಸುತ್ತ ಒಂದು ವೃತ್ತ ಹಾಕಿದರು. ಅದು ಆ ಅಂಗಡಿಯ ಪದ್ಧತಿ. ಕೊಂಡ ಬೆಲೆಯ ಗುರುತು.

ಶುಲ್ಕ ಕಟ್ಟಿದೆ, ಪರೀಕ್ಷೆ ಬರೆದೆ, ರಜೆಗೆ ಊರಿಗೆ ಬಂದೆ. ಮೇಷ್ಟ್ರು ಎದುರಾದಾಗಲೆಲ್ಲ ಬೇರೆ ಓಣಿ ಹಿಡಿಯುತ್ತಿದ್ದೆ. ಒಮ್ಮೆ ಗುಡಿಯ ಕಟ್ಟೆಯ ಮೇಲೆ ಸಿಕ್ಕಿಯೇಬಿಟ್ಟರು. ಪುಸ್ತಕದ ಮಾತೆತ್ತಲಿಲ್ಲ. "ಚಲೋ ಬರೆದೀಯೇನಪ್ಪ?" ಎಂದಷ್ಟೇ ಕೇಳಿದರು. ಅವರು ಗದರಿಸಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅಂದು ರಾತ್ರಿ ನನಗೆ ಹೊಳೆದದ್ದು ಇದು: ನಾನು ಮಾರಿದ್ದು ಒಂದು ಪುಸ್ತಕವನ್ನಲ್ಲ, ಮೂರನ್ನು. ಎರಡನೆಯದಿಲ್ಲದೆ ಒಂದನೆಯದು, ಮೂರನೆಯದು ಎರಡೂ ಕುಂಟು. ನನ್ನ ನಂತರ ಆ ಟ್ರಂಕಿನ ಮುಂದೆ ಕುಳಿತುಕೊಳ್ಳುವ ಊರಿನ ಎಲ್ಲ ಮಕ್ಕಳಿಗೂ ಜಗತ್ತು ನಡುವೆ ಒಂದು ಕಡೆ ಕತ್ತರಿಸಿಹೋಗಿತ್ತು.

ಬೇಸಿಗೆಯಲ್ಲಿ ನಮ್ಮ ಕಡೆ ಬಿತ್ತನೆಗಾಗಿ ಶೇಂಗಾ ಸುಲಿಯುವ ಕೆಲಸವಿರುತ್ತದೆ. ಸುಲಿದ ಬೀಜವನ್ನು ಅಳೆದು ಕೂಲಿ ಕೊಡುವರು. ಹೆಂಗಸರೂ ಮಕ್ಕಳೂ ಮಾಡುವ ಆ ಕೆಲಸಕ್ಕೆ ಕಾಲೇಜು ಹುಡುಗ ಕುಳಿತದ್ದನ್ನು ಕಂಡು ಓಣಿಯವರು ನಕ್ಕರು. ಬೆರಳಿನ ತುದಿಗಳು ಸುಲಿದು ಉರಿಯುತ್ತಿದ್ದವು. ಹದಿನೈದು ದಿನಗಳಲ್ಲಿ ಹನ್ನೆರಡು ರೂಪಾಯಿ ಕೂಡಿತು. ಎಂಟು ರೂಪಾಯಿಗೆ ಮಾರಿದ್ದನ್ನು ಕೊಳ್ಳಲು ಅಷ್ಟಾದರೂ ಬೇಕೆಂಬುದು ನನ್ನ ಲೆಕ್ಕ.

ಅಂಗಡಿಗೆ ಹೋದಾಗ ಹಿರಿಯರು ಇರಲಿಲ್ಲ. ಯಾವುದೋ ಊರಿನಲ್ಲಿ ಒಬ್ಬರ ಮನೆಯ ಗ್ರಂಥಸಂಗ್ರಹವನ್ನು ಕೊಳ್ಳಲು ಹೋಗಿದ್ದರು. ಯಜಮಾನತಿ ಗಲ್ಲೆಯ ಮೇಲಿದ್ದರು. ನಾನು ಹಳೆಯ ಪುಸ್ತಕಗಳ ಕಪಾಟುಗಳನ್ನೆಲ್ಲ ಹುಡುಕಿದೆ. ಮೇಲಿನ ಸಾಲು, ಕೆಳಗಿನ ಸಾಲು, ನೆಲದ ಮೇಲಿನ ರಾಶಿ, ಎಲ್ಲಿಯೂ ಇಲ್ಲ. ಎರಡು ಸಲ ಹುಡುಕಿದೆ. ಮಾರಾಟವಾಗಿ ಹೋಗಿದೆ ಎಂದು ತಿಳಿದಾಗ ಕಾಲಲ್ಲಿ ಶಕ್ತಿಯೇ ಉಳಿಯಲಿಲ್ಲ. ಆ ತಾಯಿ ನನ್ನನ್ನು ಗಮನಿಸುತ್ತಿದ್ದರೆಂದು ತೋರುತ್ತದೆ. "ಯಾವೂರಪ್ಪಾ ನಿಂದು?" ಎಂದು ಕೇಳಿದರು. "ತೆಲಿಗಿ ರೀ, ಅಮ್ಮಾರೇ" ಎಂದೆ.

ಅವರು ಎದ್ದು ಪರದೆಯನ್ನು ಸರಿಸಿ ಒಳಗೆ ಹೋದರು. ಅಂಗಡಿಯ ಕಡೆಯಿಂದಲ್ಲ, ಮನೆಯ ಕಡೆಯಿಂದ, ದೇವರ ಗೂಡಿನ ಪಕ್ಕದ ಮಾಡದಿಂದ ಪತ್ರಿಕೆಯ ಕಾಗದದಲ್ಲಿ ಸುತ್ತಿದ ಒಂದು ಕಟ್ಟನ್ನು ತಂದರು. ಅದರ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಹಿರಿಯರ ಕೈಬರಹ: 'ತೆಲಿಗಿಯ ಹುಡುಗನದು. ಮಾರತಕ್ಕದ್ದಲ್ಲ.'

ನಾನು ಹನ್ನೆರಡು ರೂಪಾಯಿಯನ್ನೂ ಮುಂದಿಟ್ಟೆ. ಅವರು ಕೊನೆಯ ಪುಟವನ್ನು ತಿರುವಿ, ವೃತ್ತದೊಳಗಿನ ಅಂಕಿಯನ್ನು ನೋಡಿ, ಎಂಟನ್ನು ಎಣಿಸಿಕೊಂಡು ಉಳಿದುದನ್ನು ಹಿಂದಕ್ಕೆ ತಳ್ಳಿದರು. ಅಷ್ಟು ತಿಂಗಳು ಹಣ ಹೂಡಿ ಕಾದುದಕ್ಕೆ ಲಾಭ ಬೇಡವೇ ಎಂದು ಹೇಗೋ ಕೇಳಿದೆ. "ಜೋಡಿ ಒಡೆದ ಪುಸ್ತಕಕ್ಕ ಲಾಭ ತಗೋಬಾರದಂತ ನಮ್ಮ ಮನೆಯವರು ಹೇಳ್ಯಾರ" ಎಂದರು. ಆಮೇಲೆ ನನ್ನ ಬೆರಳುಗಳನ್ನು ನೋಡಿ, ಒಳಗಿನಿಂದ ಒಂದು ಬಟ್ಟಲಿನಲ್ಲಿ ಕೊಬ್ಬರಿಯೆಣ್ಣೆ ತಂದುಕೊಟ್ಟರು.

ಅಂದೇ ಸಂಜೆಯ ಬಸ್ಸಿನಲ್ಲಿ ಊರಿಗೆ ಬಂದು ನೇರವಾಗಿ ಮೇಷ್ಟ್ರ ಮನೆಗೆ ಹೋದೆ. ಅವರು ಕಂದೀಲಿನ ಬೆಳಕಿನಲ್ಲಿ ಪುಸ್ತಕವನ್ನು ಹಿಂದುಮುಂದಾಗಿ ತಿರುವಿದರು. ಕೊನೆಯ ಪುಟದ ಮೂಲೆಯಲ್ಲಿ ಅವರ ಕಣ್ಣು ನಿಂತಿತು. ಹಳೆಯ ಪುಸ್ತಕದ ಅಂಗಡಿಗಳನ್ನು ಬಲ್ಲವರು ಅವರು. ಆ ವೃತ್ತದ ಅರ್ಥ ಅವರಿಗೆ ತಿಳಿಯದೆ ಇರುತ್ತದೆಯೇ? ನಾನು ನೆಲವನ್ನು ನೋಡುತ್ತ ಎಲ್ಲವನ್ನೂ ಹೇಳಿದೆ, ಬೆಣ್ಣೆದೋಸೆಯನ್ನೂ ಬಿಡದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹೊಸಪೇಟ್ಯಾಗ ಇದನ್ನ ಹಳೇದಾಗಿ ಕೊಂಡಾಗ ಇದಕ್ಕೆ ಎಂಟು ರೂಪಾಯಿ ಕೊಟ್ಟಿರಲಿಲ್ಲಪ್ಪಾ. ಆ ಅಂಗಡಿಯವರಿಗೆ ಪುಸ್ತಕದ ಬೆಲೆ ಗೊತ್ತೈತಿ" ಎಂದರು. ಎದ್ದು ಹೋಗಿ ಟ್ರಂಕನ್ನು ತೆರೆದರು. ಎರಡನೆಯ ಸಂಪುಟವನ್ನು ಅದರ ಜಾಗದಲ್ಲಿ ಇಟ್ಟರು. ಮೂರನೆಯದನ್ನು ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು.

ಈ ಘಟನೆ ನಡೆದು ದಶಕಗಳೇ ಕಳೆದಿವೆ. ಉದ್ಯೋಗದ ನಿಮಿತ್ತ ಬೆಂಗಳೂರಿಗೆ ಹೋದ ಮೇಲೆ ಹೆಸರಾಂತ ಪುಸ್ತಕದ ಅಂಗಡಿಗಳನ್ನು ಕಾಣುವ ಅವಕಾಶ ನನಗೆ ದೊರೆಯಿತು. ಎಲ್ಲಿಗೆ ಹೋದರೂ ನಾನು ಹುಡುಕುತ್ತಿದ್ದುದು ಆ ಓಣಿಯ ಅಂಗಡಿಯ ಬಂಧುಗಳನ್ನೇ. ಬ್ರಿಗೇಡ್ ರಸ್ತೆಯ ಅಡ್ಡ ಓಣಿಯೊಂದರಲ್ಲಿ 'ಸೆಲೆಕ್ಟ್' ಎಂಬ ಹಳೆಯ ಪುಸ್ತಕಗಳ ಅಂಗಡಿಯಿದೆ. ಕೆ. ಬಿ. ಕೆ. ರಾವ್ ಅವರು 1945ರಲ್ಲಿ ಅದನ್ನು ಆರಂಭಿಸಿದರು. ವಿಮಾನ ತಂತ್ರಜ್ಞರಾಗಿದ್ದ ಅವರ ಮಗ ಕೆ. ಕೆ. ಎಸ್. ಮೂರ್ತಿಯವರು ಆ ವೃತ್ತಿಯನ್ನು ಬಿಟ್ಟು ಬಂದು ತಂದೆಯ ಅಂಗಡಿಯನ್ನು ಮುಂದುವರಿಸಿದರು. ಅವರ ತರುವಾಯದ ತಲೆಮಾರೂ ಅದನ್ನು ಕೈಬಿಡಲಿಲ್ಲ. ಆಕಾಶದಲ್ಲಿ ಹಾರುವ ಯಂತ್ರಗಳ ವಿದ್ಯೆಯನ್ನು ಕಲಿತವರು ಧೂಳು ಹಿಡಿದ ಹೊತ್ತಿಗೆಗಳ ನಡುವೆ ನೆಲೆ ನಿಂತರು. ಲೆಕ್ಕ ಬಲ್ಲವರಿಗೆ ಇದು ನಷ್ಟವೆಂದು ತೋರೀತು.

ಚರ್ಚ್ ಸ್ಟ್ರೀಟಿನ ಸಮೀಪದಲ್ಲಿ ಟಿ. ಎಸ್. ಶಾನಭಾಗರ 'ಪ್ರೀಮಿಯರ್' ಅಂಗಡಿಯಿತ್ತು. 1971ರಲ್ಲಿ ತೆರೆದ ಆ ಪುಟ್ಟ ಅಂಗಡಿಯಲ್ಲಿ ಹೊಸ ಪುಸ್ತಕಗಳು ನೆಲದಿಂದ ಮಾಡಿನವರೆಗೆ ಗೋಪುರಗಳಂತೆ ನಿಂತಿರುತ್ತಿದ್ದವು. ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ಆದರೆ ಯಾವ ಪುಸ್ತಕ ಯಾವ ಗೋಪುರದ ಯಾವ ಅಂತಸ್ತಿನಲ್ಲಿದೆ ಎಂಬುದು ಶಾನಭಾಗರಿಗೆ ಕಂಠಪಾಠ. ಯಾವ ಓದುಗನಿಗೆ ಯಾವ ಪುಸ್ತಕ ಬೇಕಾದೀತೆಂಬುದೂ ಅವರಿಗೆ ತಿಳಿದಿರುತ್ತಿತ್ತು. 2009ರಲ್ಲಿ ಅಂಗಡಿ ಮುಚ್ಚಿದಾಗ ಊರಿನ ಓದುಗರು ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. 2021ರಲ್ಲಿ ಶಾನಭಾಗರು ತೀರಿಕೊಂಡರು. ಅವರ ಬಂಧುಗಳೇ ಆದ ಟಿ. ಎನ್. ಶಾನಭಾಗರು 1948ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ 'ಸ್ಟ್ರಾಂಡ್' ಪುಸ್ತಕದ ಅಂಗಡಿಯೂ 2018ರಲ್ಲಿ ಬಾಗಿಲು ಹಾಕಿತು. ಹಾಗೆಂದು ನಿರಾಶರಾಗಬೇಕಾಗಿಲ್ಲ. ಮಹಾತ್ಮಾ ಗಾಂಧಿ ರಸ್ತೆಯ ಕಾಲುದಾರಿಯಲ್ಲಿ ಹಳೆಯ ಪುಸ್ತಕ ಹರಡಿಕೊಂಡು ಮಾರುತ್ತಿದ್ದ ಮಾಯಿಗೌಡರೆಂಬ ತರುಣರು ಈ ಶತಮಾನದ ಆರಂಭದಲ್ಲಿ ಚರ್ಚ್ ಸ್ಟ್ರೀಟಿನಲ್ಲಿ 'ಬ್ಲಾಸಮ್' ಎಂಬ ಅಂಗಡಿಯನ್ನು ತೆರೆದರು. ಅಲ್ಲಿಯೂ ಹೊಸದು, ಹಳೆಯದು ಎರಡೂ ಒಂದೇ ಸೂರಿನಡಿಯಲ್ಲಿ ಕೂಡಿ ಬಾಳುತ್ತವೆ.

ಹಳೆಯ ಪುಸ್ತಕಗಳಲ್ಲಿ ಹೊಸ ಪುಸ್ತಕಗಳಿಗಿಲ್ಲದ ಒಂದು ಅಧಿಕ ಪುಟವಿರುತ್ತದೆ. ಅದು ಹಿಂದಿನ ಒಡೆಯರು ಹೆಸರು ಬರೆದ ಪುಟ. ಒಮ್ಮೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ನನಗೆ ಒಂದು ಪುಸ್ತಕ ಸಿಕ್ಕಿತು. ಅದರಲ್ಲಿ ಯಾರೋ ತಮ್ಮ ಹೆಸರಿನ ಕೆಳಗೆ 'ಹರಪನಹಳ್ಳಿ, ಬಳ್ಳಾರಿ ಜಿಲ್ಲೆ, ಮದರಾಸು' ಎಂದು ಬರೆದಿದ್ದರು. 1953ರ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿತು; 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು; 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಊರು ಇದ್ದಲ್ಲಿಯೇ ಇದೆ; ವಿಳಾಸ ಮಾತ್ರ ಸಂಚಾರ ಮಾಡಿತು. ಪುಸ್ತಕದ ಕಥೆ ಇದಕ್ಕೆ ತಿರುಗುಮುರುಗು. ವಿಳಾಸ ಅಲ್ಲಿಯೇ ಅಚ್ಚೊತ್ತಿ ನಿಂತಿದೆ. ಪುಸ್ತಕ ಮಾತ್ರ ಊರಿಂದೂರಿಗೆ ಸಂಚರಿಸಿದೆ. ರದ್ದಿಯ ತಕ್ಕಡಿಗೆ ಸಿಕ್ಕಿದ್ದರೆ ಆ ಸಂಚಾರ ಕಡಲೆಕಾಯಿಯ ಪೊಟ್ಟಣದಲ್ಲಿ ಮುಗಿದುಹೋಗುತ್ತಿತ್ತು.

ದಾವಣಗೆರೆಯ ಆ ಅಂಗಡಿ ಈಗ ಇಲ್ಲ. ಹಿರಿಯರೂ ಆ ತಾಯಿಯೂ ತೀರಿಕೊಂಡರು. ಮೊಮ್ಮಕ್ಕಳು ಬೇರೆ ಬೇರೆ ಉದ್ಯೋಗಗಳನ್ನು ಹಿಡಿದರು. ಸರಕಾರಿ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕಗಳು ಉಚಿತವಾಗಿ ದೊರೆಯತೊಡಗಿದ ಮೇಲೆ ಅರ್ಧ ಬೆಲೆಯ ಪಠ್ಯಗಳನ್ನು ಕೇಳುವವರು ಕಡಿಮೆಯಾದರು. ಅದು ಸಂತೋಷದ ಸಂಗತಿಯೇ. ಹಿರಿಯರು ಇದ್ದಿದ್ದರೆ ಅವರೂ ಸಂತೋಷಪಡುತ್ತಿದ್ದರು. ಆದರೆ ವರ್ಷದ ಬಾಡಿಗೆ ಕಟ್ಟುವ ಜೂನ್ ತಿಂಗಳು ಹೋಯಿತು. ಅದರೊಡನೆ ಕವಿಗಳನ್ನು ಸಾಕುವ ಹನ್ನೊಂದು ತಿಂಗಳುಗಳೂ ಹೋದವು. ಈಚೆಗೆ ಆ ಓಣಿಯಲ್ಲಿ ಹೋದಾಗ ಅಲ್ಲಿ ಮೊಬೈಲ್ ಫೋನುಗಳನ್ನು ರಿಪೇರಿ ಮಾಡುವ ಅಂಗಡಿಯಿತ್ತು. ಒಬ್ಬ ತರುಣ ಭೂತಗನ್ನಡಿ ಹಿಡಿದು, ಒಡೆದ ಯಂತ್ರವೊಂದನ್ನು ಜೋಡಿಸುತ್ತಿದ್ದ. ಒಡೆದುದನ್ನು ಜೋಡಿಸುವ ಕೆಲಸ ಆ ಜಾಗವನ್ನು ಬಿಟ್ಟು ಹೋಗಿಲ್ಲವೆಂದು ಸಮಾಧಾನವಾಯಿತು.

ಇಂದು ತೆಲಿಗಿಯಲ್ಲಿ ಕುಳಿತು ಯಾವ ಪುಸ್ತಕವನ್ನಾದರೂ ತರಿಸಿಕೊಳ್ಳಬಹುದು. ಬೆರಳಿನಿಂದ ಒತ್ತಿದರೆ ಕೆಲವು ದಿನಗಳಲ್ಲಿ ಮನೆಯ ಬಾಗಿಲಿಗೆ ಬರುತ್ತದೆ. ಜಾತ್ರೆಯ ಚಾದರದ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದ ಬಾಲಕನಿಗೆ ಇದು ಕಿನ್ನರಲೋಕದಂತೆ ತೋರುತ್ತಿತ್ತು. ಈ ಸೌಕರ್ಯವನ್ನು ಹಳಿಯುವವನು ನಾನಲ್ಲ. ನಾನೂ ಹಾಗೆಯೇ ತರಿಸಿಕೊಳ್ಳುತ್ತೇನೆ. ಹಳೆಯ ಪುಸ್ತಕಗಳನ್ನು ಹಾಗೆಯೇ ಮಾರಲೂಬಹುದು. ಆದರೆ ಮಾರುವ ಹುಡುಗನ ಮುಖವನ್ನು ನೋಡಿ, "ಇದು ನಿಂದೇನು ತಮ್ಮಾ?" ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ. ಅಂದು ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಹವಣಿಸಿದವನು ನಾನು. ಇಂದು ಅದೇ ಪ್ರಶ್ನೆಯನ್ನು ಕೇಳುವವರಿಲ್ಲವಲ್ಲ ಎಂದು ಕೊರಗುವವನೂ ನಾನೇ.

ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮಗಳು ಮೂರು ಸಂಪುಟಗಳನ್ನೂ ನನ್ನ ಕೈಗಿಟ್ಟರು. "ಅಪ್ಪಾರು ನಿಮಗೇ ಕೊಡು ಅಂದಿದ್ರು" ಎಂದರು. ಈ ಸಲದ 'ಕೊಡು' ಎಂಬುದಕ್ಕೆ ಒಂದೇ ಅರ್ಥ. ಆದರೂ ನಾನು ಅವನ್ನು ನನ್ನವೆಂದು ಎಣಿಸಿಲ್ಲ. ಓಣಿಯ ಮಕ್ಕಳು ಬಂದು ಕೇಳಿದರೆ ಒಂದೊಂದಾಗಿ ಕೊಡುತ್ತೇನೆ. ಒಂದನ್ನು ತಂದುಕೊಟ್ಟ ಮೇಲೆ ಇನ್ನೊಂದು. ಕಳೆದ ವಾರ ಒಬ್ಬ ಹುಡುಗಿ ಎರಡನೆಯ ಸಂಪುಟವನ್ನು ಹಿಂದಿರುಗಿಸುತ್ತ, ಕೊನೆಯ ಪುಟದ ಮೂಲೆಯನ್ನು ತೋರಿಸಿ, "ಅಜ್ಜಾ, ಇಲ್ಲಿ ಯಾರೋ ಪೆನ್ಸಿಲ್‌ನಾಗ ಎಂಟು ಅಂತ ಗೀಚ್ಯಾರ. ರಬ್ಬರ್ ಹಚ್ಚಿ ಅಳಿಸಲೇನು?" ಎಂದು ಕೇಳಿದಳು.

"ಬ್ಯಾಡವ್ವಾ, ಇರಲಿ" ಎಂದು ಹೇಳಿ, ಮೂರನೆಯದನ್ನು ಅವಳ ಕೈಗೆ ಕೊಟ್ಟೆ.